ಬಿರಡೆ ತೆಗೆದ ಮೇಲೆ

ಇಟಲಿಯ ವಾಯವ್ಯ ಮೂಲೆಯಲ್ಲಿ ಪಿಯೆಮೊಂಟೆ ಎಂಬ ಪ್ರಾಂತವಿದೆ. ಅಲ್ಲಿನ ಆಲ್ಬಾ ಪಟ್ಟಣದ ಸುತ್ತಲೂ ಹಬ್ಬಿರುವ ಲಾಂಗೆ ಗುಡ್ಡಗಳಲ್ಲಿ, ಅಕ್ಟೋಬರ್ ತಿಂಗಳ ಮಂಜು ಕವಿಯುವ ಹೊತ್ತಿಗೆ, ನೆಬ್ಬಿಯೋಲೋ ಎಂಬ ದ್ರಾಕ್ಷಿಯ ಕೊಯ್ಲು ನಡೆಯುತ್ತದೆ. ಇಟಲಿಯ ಭಾಷೆಯಲ್ಲಿ 'ನೆಬ್ಬಿಯಾ' ಎಂದರೆ ಮಂಜು. ಹಣ್ಣಿನ ಹೆಸರು ಅದರಿಂದಲೇ ಬಂದಿತೆಂದು ಹಲವರ ನಂಬಿಕೆ. ಬರೋಲೋ ಎಂಬ ಪ್ರಖ್ಯಾತ ಕೆಂಪು ದ್ರಾಕ್ಷಾರಸ ಸಿದ್ಧವಾಗುವುದು ಈ ಹಣ್ಣಿನಿಂದ.

ಅವಸರದವರಿಗೆ ಒಲಿಯುವ ಪಾನೀಯ ಇದಲ್ಲ. ಕೊಯ್ಲಾದ ವರ್ಷದ ನವೆಂಬರ್ 1ರಿಂದ 38 ತಿಂಗಳು ಕಳೆಯುವವರೆಗೆ ಇದನ್ನು ಮಾರುವಂತಿಲ್ಲ; ಅದರಲ್ಲಿ 18 ತಿಂಗಳಾದರೂ ಮರದ ಪೀಪಾಯಿಯಲ್ಲಿ ಇಡಬೇಕೆಂಬುದು ಕಾನೂನು. ಮಗು ಹುಟ್ಟಿದ ವರ್ಷದ ಸೀಸೆಯನ್ನು ನೆಲಮಾಳಿಗೆಯಲ್ಲಿ ಮಲಗಿಸಿಟ್ಟು, ಆ ಮಗುವಿನ ಮದುವೆಯ ದಿನ ತೆರೆಯುವ ಮನೆಗಳೂ ಉಂಟು. ಆದರೆ ಬಿರಡೆ ತೆಗೆದ ಕ್ಷಣದಿಂದ ಆ ರಸದ ಆಯುಸ್ಸು ದಿನಗಳ ಲೆಕ್ಕಕ್ಕೆ ಇಳಿಯುತ್ತದೆ. ಇಪ್ಪತ್ತೈದು ವರ್ಷ ತಾಳ್ಮೆಯಿಂದ ಕಾದವರು ಕಡೆಯ ಒಂದು ಗಂಟೆಯಲ್ಲಿ ಎಡವಬಹುದು.

ಎಳೆಯ ಬರೋಲೋವಿನ ಮೊದಲ ಗುಟುಕು ಹಿತವಾಗಿರುವುದಿಲ್ಲ. ಬಣ್ಣ ತೆಳುವಾದರೂ ಒಗರು ಪ್ರಬಲ. ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಇಳಿದ ಟ್ಯಾನಿನ್ ಎಂಬ ವಸ್ತು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು, ಬಾಳೆಕಾಯಿ ಕಚ್ಚಿದಂತೆ ಬಾಯನ್ನು ಒಣಗಿಸುತ್ತದೆ. ಗಂಧಕದ ಸಂಯುಕ್ತಗಳಿಂದ ಒಮ್ಮೊಮ್ಮೆ ಉರಿದ ಬೆಂಕಿಕಡ್ಡಿಯ ವಾಸನೆಯೂ ಬರುವುದುಂಟು. ಒಂದೆರಡು ಗಂಟೆ ಗಾಳಿಯಾಡಿದರೆ ಆ ವಾಸನೆ ಹಾರಿಹೋಗಿ, ಒಣಗಿದ ಗುಲಾಬಿಯ ಪರಿಮಳ ಮೇಲೇಳುತ್ತದೆ; ಅದರ ಹಿಂದೆಯೇ ಬರುವುದು, ವಿಚಿತ್ರವೆನ್ನಿಸಿದರೂ, ಡಾಂಬರಿನ ಛಾಯೆ! ಈ ಜೋಡಿಯೇ ಬರೋಲೋವಿನ ಗುರುತು.

ಗಾಳಿಯಿಂದ ಒಗರು ಮುರಿಯುತ್ತದೆಂಬ ಮಾತು ರೂಢಿಯಲ್ಲಿದೆ. ಆದರೆ ಅಷ್ಟು ಅಲ್ಪಕಾಲದಲ್ಲಿ ಟ್ಯಾನಿನ್ ಹೆಚ್ಚೇನೂ ಮಾರ್ಪಡುವುದಿಲ್ಲ; ಮಾರ್ಪಡುವುದು ಮುಖ್ಯವಾಗಿ ಪರಿಮಳ. ಒಗರನ್ನು ತಗ್ಗಿಸುವುದು ಜೊತೆಯಲ್ಲಿ ತಿನ್ನುವ ಗಿಣ್ಣು, ಮಾಂಸಗಳ ಕೆಲಸ. ಬಿರಡೆ ತೆಗೆದು ಸೀಸೆಯನ್ನು ಸುಮ್ಮನೆ ಇಟ್ಟರೂ ಫಲ ಸ್ವಲ್ಪವೇ. ಸೀಸೆಯ ಕೊರಳಿನ ಒಳ ಅಗಲ 2 ಸೆಂಟಿಮೀಟರಿಗೂ ಕಡಿಮೆ; ಗಾಳಿಗೆ ಅಲ್ಲಿ ಪ್ರವೇಶವೆಲ್ಲಿ? ಆದುದರಿಂದಲೇ ರಸವನ್ನು ಅಗಲ ತಳದ ಗಾಜಿನ ಹೂಜಿಗೆ ಬಗ್ಗಿಸುತ್ತಾರೆ.

ಎಳೆಯದಕ್ಕೆ ಹಿತವಾದ ಈ ಉಪಚಾರ ಮುದಿ ಸೀಸೆಗೆ ಮುಳುವಾಗಬಹುದು. ಹಲವು ದಶಕಗಳನ್ನು ಕಂಡ ರಸದ ಪರಿಮಳ ಬಹಳ ಸೂಕ್ಷ್ಮ; ಹೂಜಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಕುಡಿಯುವವರಿಗೆ ಸಿಕ್ಕದೆ ಗಾಳಿಯ ಪಾಲಾಗುತ್ತದೆ. ತಳದಲ್ಲಿ ಗಷ್ಟು ಇದ್ದರೆ ಮಾತ್ರ ಬಗ್ಗಿಸಬೇಕು, ಅದೂ ಬಡಿಸುವ ಮುನ್ನ, ಎಂಬುದು ಫ್ರಾನ್ಸಿನ ದ್ರಾಕ್ಷಾರಸ ತಜ್ಞ ಎಮಿಲ್ ಪೆಯ್ನೋ ಅವರ ಅಭಿಪ್ರಾಯವಾಗಿತ್ತು. ಮದುವೆಯ ಮನೆಯ ಹಿರಿಯರು ನೆನಪಿಡಬೇಕಾದ ಮಾತಿದು.

ಉಳಿದುದರ ಗತಿಯೇನು? ಮರುದಿನವೂ ಎಳೆಯ ಬರೋಲೋ ಸೊಗಸಾಗಿಯೇ ಇರಬಹುದು. ಆಮೇಲೆ ಆಮ್ಲಜನಕದ ಕೈ ಮೇಲಾಗುತ್ತದೆ. ಕೊಯ್ದಿಟ್ಟ ಸೇಬು ಕಂದುವಂತೆ ಬಣ್ಣ ಮಾಸುತ್ತದೆ. ಮದ್ಯಸಾರದ ಒಂದಂಶ ಅಸಿಟಾಲ್ಡಿಹೈಡ್ ಆಗಿ, ಜಜ್ಜಿದ ಸೇಬಿನ ವಾಸನೆ ಹೊರಡುತ್ತದೆ. ಕೊನೆಗೆ ಗಾಳಿಯನ್ನಾಶ್ರಯಿಸಿದ ಬ್ಯಾಕ್ಟೀರಿಯಗಳು ಅದನ್ನು ಹುಳಿ ವಿನಿಗರ್ ಆಗಿಸುತ್ತವೆ. ದ್ರಾಕ್ಷಾರಸವನ್ನು ಪಕ್ವಗೊಳಿಸುವುದು ಆಮ್ಲಜನಕ, ಕೆಡಿಸುವುದು ಸೂಕ್ಷ್ಮಜೀವಿಗಳು ಎಂದು ಲೂಯಿ ಪಾಸ್ತರ್ 1866ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದನು. ಎರಡಕ್ಕೂ ಬಾಗಿಲು ಒಂದೇ.

ಆ ಬಾಗಿಲನ್ನು ತುಸು ಮುಚ್ಚಲು ಉಪಾಯವುಂಟು. ಮಿಕ್ಕುದನ್ನು ಚಿಕ್ಕ ಸೀಸೆಗೆ ಕಂಠದವರೆಗೆ ತುಂಬಿ, ಬಿರಡೆ ಹಾಕಿ ತಂಪಿನಲ್ಲಿಟ್ಟರೆ ಮತ್ತೆರಡು ಮೂರು ದಿನ ಬಾಳುತ್ತದೆ. ಅದೂ ಮುಗಿಯುತ್ತ ಬಂದಾಗ, ಹುಳಿಯುವ ಮೊದಲೇ, ಪಿಯೆಮೊಂಟೆಯ ಗೃಹಿಣಿ ಅದನ್ನು ಅಕ್ಕಿಗೆ ಸುರಿದು ಬೇಯಿಸುತ್ತಾಳೆ. 'ರಿಸೊಟ್ಟೊ ಆಲ್ ಬರೋಲೋ' ಎಂಬ ಆ ಕೆಂಪನೆಯ ಅನ್ನ ಅಲ್ಲಿಯ ಹೆಸರಾಂತ ಭಕ್ಷ್ಯ. ವರ್ಷಗಟ್ಟಲೆ ಕಾಯ್ದಿಟ್ಟುದರ ಕಡೆಯ ತೊಟ್ಟೂ ಹೀಗೆ ಮನೆಯವರ ಎಲ್ಲರ ತಟ್ಟೆಗೂ ಬರುತ್ತದೆ.