ಸ್ಲೈಡಿನಲ್ಲಿ ವಿಡಿಯೋ ಏಕೆ ಓಡುವುದಿಲ್ಲ?

ಫೋನಿನಲ್ಲಿ ಚೆನ್ನಾಗಿ ಓಡಿದ ವಿಡಿಯೋ ಪವರ್‌ಪಾಯಿಂಟ್ ಸ್ಲೈಡಿನಲ್ಲಿ ಕಪ್ಪು ಚೌಕವಾಗಿ ನಿಂತುಬಿಡುತ್ತದೆ. ಕೆಲವೊಮ್ಮೆ ಧ್ವನಿ ಬಂದರೂ ಚಿತ್ರ ಬರುವುದಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4 ಎಂದಿದೆಯಲ್ಲ, ಇನ್ನೇನು ಬೇಕು ಎಂದು ಬಹಳ ಜನ ಕೇಳುತ್ತಾರೆ. ಎಂಪಿ4 ಎನ್ನುವುದು ಬರೀ ಡಬ್ಬಿ. ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿ ಒಳಗೆ ತುಂಬಿದ್ದಾರೆ ಎಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ.

ಕುಗ್ಗಿಸದೆ ಗತಿಯಿಲ್ಲ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಎತ್ತರಕ್ಕೆ 1080, ಅಂದರೆ ಸುಮಾರು 20 ಲಕ್ಷ ಬಿಂದುಗಳು. ಬಿಂದುವಿಗೆ 3 ಬೈಟಿನಂತೆ, ಸೆಕೆಂಡಿಗೆ 25 ಚಿತ್ರಗಳನ್ನು ಹಾಗೇ ಇಟ್ಟರೆ 155 ಎಂಬಿ. ಒಂದೇ ನಿಮಿಷಕ್ಕೆ 9 ಜಿಬಿ ದಾಟುತ್ತದೆ. ಅದಕ್ಕೇ ಕೋಡೆಕ್ ಎಂಬ ತಂತ್ರಾಂಶ ಪೂರ್ತಿ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ದಾಖಲಿಸುತ್ತದೆ. ನಡುವೆ ಯಾವ ಭಾಗ ಎತ್ತ ಸರಿಯಿತು, ಏನು ಬದಲಾಯಿತು ಎಂಬುದಷ್ಟನ್ನೇ ಬರೆದಿಡುತ್ತದೆ. ಉಳಿದದ್ದನ್ನು ಓಡಿಸುವ ಯಂತ್ರವೇ ಲೆಕ್ಕ ಹಾಕಿ ಕಟ್ಟಿಕೊಳ್ಳಬೇಕು. ಎಂಥ ಜಾಣ ಏರ್ಪಾಡು! ಆದರೆ ಕುಗ್ಗಿಸಿದ ವಿಧಾನ ಆ ಯಂತ್ರಕ್ಕೆ ಗೊತ್ತಿರದಿದ್ದರೆ ಎಲ್ಲವೂ ನಿಂತಂತೆಯೇ.

2003ರಲ್ಲಿ ಬಂದ ಎಚ್.264 ವಿಧಾನ ಈಗ ಬಹುತೇಕ ಎಲ್ಲ ಕಂಪ್ಯೂಟರಿಗೂ ಗೊತ್ತು. 2013ರ ಎಚ್.265 ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅದೇ ಗುಣಮಟ್ಟ ಕೊಡುತ್ತದೆ. 2017ರಿಂದೀಚೆಗೆ ಹೊಸ ಐಫೋನ್‌ಗಳು ತಾವಾಗಿಯೇ ಇದನ್ನೇ ಬಳಸುತ್ತವೆ. ಎಷ್ಟೋ ವಿಂಡೋಸ್ ಯಂತ್ರಗಳಲ್ಲಿ ಇದನ್ನು ಬಿಡಿಸುವ ಸಾಧನ ಇರುವುದಿಲ್ಲ. ವಿಎಲ್‌ಸಿ ಎಂಬ ವಿಡಿಯೋ ಓಡಿಸುವ ತಂತ್ರಾಂಶ ತನ್ನ ಸಾಧನಗಳನ್ನು ತಾನೇ ಹೊತ್ತುಕೊಂಡು ಬರುತ್ತದೆ, ಪವರ್‌ಪಾಯಿಂಟ್ ವಿಂಡೋಸನ್ನು ನೆಚ್ಚಿಕೊಂಡಿದೆ. ಅಲ್ಲಿ ಓಡಿದ್ದು ಇಲ್ಲಿ ಓಡದಿರಲು ಇದೇ ಕಾರಣ.

ಫೈಲಿನ ಹೆಸರು ಬದಲಿಸಿದರೆ ಏನೂ ಆಗದು, ಒಳಗಿನದನ್ನೇ ಬದಲಿಸಬೇಕು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ ಆರಿಸಿಕೊಂಡು ಎಂಪಿ4 ಮಾಡಿಕೊಳ್ಳಿ.

ಇನ್ನೊಂದು ತೊಡಕಿದೆ. ವಿಡಿಯೋವನ್ನು ಸ್ಲೈಡಿನೊಳಗೆ ಸೇರಿಸದೆ ಬರೀ ಲಿಂಕ್ ಕೊಟ್ಟಿದ್ದರೆ ಪೆನ್‌ಡ್ರೈವಿನಲ್ಲಿ ಸ್ಲೈಡು ಮಾತ್ರ ಬರುತ್ತದೆ, ವಿಡಿಯೋ ಮನೆಯಲ್ಲೇ ಉಳಿಯುತ್ತದೆ. ಪರೀಕ್ಷಿಸುವುದು ಸುಲಭ: ಪಿಪಿಟಿಎಕ್ಸ್ ಕಡತ ನಿಜಕ್ಕೂ ಒಂದು ಜಿಪ್ ಕಡತ. ಅದರ ಒಂದು ಪ್ರತಿ ಮಾಡಿ, ಹೆಸರಿನ ಕೊನೆಗೆ ಜಿಪ್ ಎಂದು ಹಾಕಿ ತೆರೆದರೆ ಒಳಗಿನ ಪಿಪಿಟಿ ಫೋಲ್ಡರಿನಲ್ಲಿ ಮೀಡಿಯಾ ಎಂಬ ಫೋಲ್ಡರ್ ಕಾಣುತ್ತದೆ. ನಿಮ್ಮ ವಿಡಿಯೋ ಅದರಲ್ಲಿರಬೇಕು.

ಇಷ್ಟಾದ ಮೇಲೂ ಭಾಷಣದ ಹಿಂದಿನ ದಿನವೇ ಆ ಸಭಾಂಗಣದ ಕಂಪ್ಯೂಟರಿನಲ್ಲಿ, ಸ್ಪೀಕರ್ ಹಾಕಿ, ಒಮ್ಮೆ ಕೊನೆಯವರೆಗೆ ಓಡಿಸಿ ನೋಡಿ.