ತಾಮ್ರದ ಗಣಿ ಬಂದರೆ ಬಾವಿಗೆ ಏನಾಗ್ತದೆ?

ತಾಮ್ರ ನಮಗೆಲ್ಲ ಗೊತ್ತು. ನೀರು ಕಾಯಿಸುವ ಹಂಡೆ, ಪೂಜೆಯ ಚೊಂಬು, ಕರೆಂಟಿನ ತಂತಿ ಎಲ್ಲ ತಾಮ್ರವೇ. ಸೀರೆಗೆ ಹಾಕುವ ಅಗ್ಗದ ಜರಿಯ ಒಳಗೂ ತಾಮ್ರದ ಎಳೆ ಇರ್ತದೆ. ಹಾಗಾಗಿ ತಾಮ್ರವೇ ಬೇಡ ಅನ್ನೋಕೆ ಆಗೋದಿಲ್ಲ. ಆದರೆ ಗಣಿ ತೋಡುವ ಮೊದಲೇ ಸುತ್ತಲಿನ ನೀರು, ಗಾಳಿ, ಹೊಲಕ್ಕೆ ಏನಾಗ್ತದೆ ಎಂದು ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಪರಿಸರ ಪರಿಣಾಮ ವರದಿ ಅಂತಾರೆ.

ತಾಮ್ರ ಇರುವ ಕಲ್ಲೇ ಅದಿರು. ನಮ್ಮ ದೇಶದ ಅದಿರಿನಲ್ಲಿ ತಾಮ್ರ ಬಹಳ ಕಡಿಮೆ. 100 ಕಿಲೋ ಅದಿರು ಒಡೆದರೆ ಸಿಗುವುದು ಹೆಚ್ಚುಕಡಿಮೆ 1 ಕಿಲೋ ತಾಮ್ರ. ಉಳಿದದ್ದು ಎಲ್ಲಿ ಹೋಗ್ತದೆ? ಕಲ್ಲನ್ನು ಹಿಟ್ಟಿನ ಹಾಗೆ ಪುಡಿ ಮಾಡ್ತಾರೆ. ನೀರು, ರಾಸಾಯನಿಕ ಸೇರಿಸಿ ತಾಮ್ರದ ಅಂಶವನ್ನು ನೊರೆಯ ಜೊತೆ ತೇಲಿಸಿ ತೆಗೀತಾರೆ. ಮಿಕ್ಕ ರಾಡಿಯನ್ನು ಒಡ್ಡು ಕಟ್ಟಿ ನಿಲ್ಲಿಸ್ತಾರೆ. ಗಣಿ ಮುಚ್ಚಿದರೂ ರಾಡಿ ಅಲ್ಲೇ ಇರ್ತದೆ.

ಈ ಕಲ್ಲಿನಲ್ಲಿ ಗಂಧಕವೂ ಇರ್ತದೆ. ಗಾಳಿ, ಮಳೆನೀರು ತಾಗಿದರೆ ಅದರಿಂದ ಆಸಿಡ್ ಹುಟ್ಟಬಹುದು. ಆಸಿಡ್ ನೀರು ಕಲ್ಲಿನ ಲೋಹಗಳನ್ನು ಕರಗಿಸಿಕೊಂಡು ಹಳ್ಳಕ್ಕೆ, ಬಾವಿಗೆ ಇಳೀತದೆ. ಗಣಿಯ ಗುಂಡಿಯಲ್ಲಿ ಜಿನುಗುವ ನೀರನ್ನು ಪಂಪು ಹಾಕಿ ಹೊರಗೆ ಬಿಡ್ತಾರೆ. ಆಗ ಅಕ್ಕಪಕ್ಕದ ಬಾವಿಗಳು ಬತ್ತಬಹುದು.

ಕರ್ನಾಟಕದಲ್ಲಿ ಚಿತ್ರದುರ್ಗದ ಹತ್ತಿರ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಅದು ನಿಂತು ಎಷ್ಟೋ ವರ್ಷ ಆಯ್ತು. ಕುದುರೆಮುಖದ್ದು ಕಬ್ಬಿಣದ ಅದಿರಿನ ಗಣಿ. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಅದೂ ನಿಂತಿತು. ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿದ ರಾಡಿ ಮಾತ್ರ ಹೋಗಲಿಲ್ಲ. ಈ ಗಣಿಗಳು ಶುರುವಾದ ಕಾಲಕ್ಕೆ ಊರವರನ್ನು ಕೇಳಬೇಕು ಎಂಬ ನಿಯಮವೇ ಇರಲಿಲ್ಲ. ವರದಿಯ ನಿಯಮ ಬಂದದ್ದು 1994ರಲ್ಲಿ. ಈಗ ನಡೆಯುತ್ತಿರುವುದು 2006ರ ನಿಯಮ.

ಇದರ ಪ್ರಕಾರ ಊರವರ ಮಾತು ಕೇಳಲು ಸಭೆ ಮಾಡಬೇಕು. 30 ದಿನ ಮೊದಲೇ ಪತ್ರಿಕೆಯಲ್ಲಿ ಹಾಕಬೇಕು. ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಕಲೆಕ್ಟರ್ ಅಥವಾ ಅವರ ಪರವಾಗಿ ಬಂದ ಅಧಿಕಾರಿ ಅಧ್ಯಕ್ಷರು. ವರದಿಯನ್ನು ಕಲೆಕ್ಟರ್ ಆಫೀಸಿನಲ್ಲಿ ನೋಡಬಹುದು. ಅದರ ಸಾರಾಂಶ ಆ ರಾಜ್ಯದ ಭಾಷೆಯಲ್ಲಿ ಇರಬೇಕು. ನಮ್ಮ ನೆಗಮಂ ಕಡೆ ಅದು ತಮಿಳಿನಲ್ಲಿ ಬರ್ತದೆ. ತಮಿಳು ಓದುವ ಮಕ್ಕಳಿದ್ದರೆ ಅವರ ಕೈಲಿ ಓದಿಸಿ, ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಿಸಿ. ನಮ್ಮ ಕಡೆ ತಾಮ್ರದ ಗಣಿ ಇಲ್ಲ, ನಿಜ. ಆದರೆ ದೊಡ್ಡ ಕಲ್ಲು ಕ್ವಾರಿಗೂ ಇಂಥದೇ ಸಭೆ ಇದೆ.

ಒಂದು ವಿಷಯ ತಿಳಿದಿರಲಿ. ಇಷ್ಟೇ ಜನ ಬರಬೇಕು ಅಂತ ನಿಯಮ ಇಲ್ಲ. ಹತ್ತೇ ಜನ ಬಂದರೂ ಸಭೆ ನಡೆದ ಹಾಗೇ ಲೆಕ್ಕ. ಅಲ್ಲಿ ಗಣಿ ಬೇಕೋ ಬೇಡವೋ ಎಂಬ ತೀರ್ಪು ಆಗೋದಿಲ್ಲ. ನಾವು ಆಡಿದ ಮಾತು ಬರೆದುಕೊಂಡು, ವಿಡಿಯೋ ಮಾಡಿ ಮೇಲಕ್ಕೆ ಕಳಿಸ್ತಾರೆ. ಆಡದ ಮಾತು ಮೇಲಕ್ಕೆ ಹೋಗೋದು ಹೇಗೆ? ಕೊನೆಗೆ, ಬರೆದುಕೊಂಡದ್ದನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಅಲ್ಲಿವರೆಗೂ ಏಳಬೇಡಿ.

ವರದಿ ಬರೆಯುವವರಿಗೆ ದುಡ್ಡು ಕೊಡುವುದು ಗಣಿ ಕಂಪನಿಯೇ. ಆದ್ದರಿಂದ ಕೇಳಿ ತಿಳಿಯಬೇಕು. ಯಾವ ಬಾವಿಯ ನೀರು ಪರೀಕ್ಷೆ ಮಾಡಿದಿರಿ? ಯಾವ ತಿಂಗಳು? ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಕಾಲದಲ್ಲಿ ಅಳೀತಾರೆ. ಹಾಗಾದರೆ ಮಳೆಗಾಲದಲ್ಲಿ ರಾಡಿಯ ನೀರು ಯಾವ ಕಡೆ ಹರೀತದೆ? ಗಣಿ ಮುಚ್ಚಿದ ಮೇಲೆ ಒಡ್ಡು ಕಾಯುವವರು ಯಾರು?

ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ಹೊಳೆ ಸೇರಿ ಎಷ್ಟೋ ರೈತರ ಬಾವಿ ಕೆಟ್ಟದ್ದು ನಮಗೆ ಗೊತ್ತೇ ಇದೆ. ಕೆಟ್ಟ ಮೇಲೆ "ನಿಮ್ಮ ಬಾವಿ ಮೊದಲೇ ಹೀಗಿತ್ತು" ಅಂದರೆ ಏನು ಹೇಳ್ತೀರಿ? ಅದಕ್ಕೇ ಈಗಲೇ ಒಂದು ನೋಟ್‌ಬುಕ್ ಇಡಿ. ತಿಂಗಳಿಗೊಮ್ಮೆ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಸಿ. ನೀರು ಎಷ್ಟು ಅಡಿ ಕೆಳಗಿದೆ, ರುಚಿ ಹೇಗಿದೆ, ಯಾವ ತಾರೀಖು ಎಂದು ಬರೆಯಿರಿ. ಸಭೆಗೆ ಹೋಗುವಾಗ ಅದರ ಜೆರಾಕ್ಸ್ ಜೊತೆ ಒಂದು ಅರ್ಜಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಮನೆಗೆ ತನ್ನಿ.