ಹಾಲಿನ ತೊಟ್ಟಿಯು ತೊಳೆದರೂ ಶುದ್ಧವಾಗದಿರುವುದಕ್ಕೆ ಕಾರಣಗಳು

ಗ್ರಾಮಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲನ್ನು ತಂಪುಮಾಡುವ ದೊಡ್ಡ ತೊಟ್ಟಿಗಳು ಬಂದ ಮೇಲೆ, ಸುತ್ತಣ ನಾಲ್ಕಾರು ಊರುಗಳ ಹಾಲು ಒಂದೇ ಪಾತ್ರೆಯಲ್ಲಿ ಸೇರುವುದುಂಟು. ಇದರ ಅನುಕೂಲವು ದೊಡ್ಡದು; ಅಪಾಯವೂ ಸಣ್ಣದಲ್ಲ. ಹಿಂದೆ ಒಬ್ಬನ ಕ್ಯಾನು ಕೊಳೆಯಾಗಿದ್ದರೆ ಆ ಒಂದು ಕ್ಯಾನಿನ ಹಾಲು ಕೆಡುತ್ತಿದ್ದಿತು. ಈಗ ತೊಟ್ಟಿಯು ಕೊಳೆಯಾಗಿದ್ದರೆ, ಹತ್ತು ರಾಸುಗಳುಳ್ಳ ಜಮೀನುದಾರರ ಹಾಲಿನೊಡನೆ ಒಂದೇ ಹಸುವನ್ನು ನಂಬಿ ಬದುಕುವ ಬಡವಿಯ ಹಾಲೂ ಡೈರಿಯಿಂದ ತಿರಸ್ಕೃತವಾಗುವುದು.

ಡೈರಿಯಲ್ಲಿ ಹಾಲಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಬೆರೆಸಿ, ಆ ಬಣ್ಣವು ಎಷ್ಟು ಹೊತ್ತಿನಲ್ಲಿ ಮಾಯವಾಗುವುದೆಂದು ನೋಡುವರು. ಸೂಕ್ಷ್ಮಜೀವಿಗಳು ಹೆಚ್ಚಾಗಿದ್ದಷ್ಟೂ ಬಣ್ಣವು ಬೇಗನೆ ಹೋಗುವುದು. ಪರೀಕ್ಷೆಯ ಫಲವು ಕೆಟ್ಟಿತೆಂದರೆ ಊರಿನಲ್ಲಿ ಮೊದಲು ಬೈಗುಳ ತಿನ್ನುವವನು ತೊಟ್ಟಿಯನ್ನು ತೊಳೆಯುವ ಆಳು. ಅವನು ಸೋಮಾರಿಯೇ ಆಗಿರಬಹುದು. ಆದರೆ ದಿನವೂ ಶ್ರದ್ಧೆಯಿಂದ ತೊಳೆದರೂ ತೊಟ್ಟಿಯು ಶುದ್ಧವಾಗದಿರುವುದುಂಟು; ಅಂತಹಲ್ಲಿ ಆಳನ್ನು ಬದಲಾಯಿಸುವುದರಿಂದ ಏನೂ ಪ್ರಯೋಜನವಿಲ್ಲ.

ದೊಡ್ಡ ತೊಟ್ಟಿಗಳಲ್ಲಿ ಕೈಯಿಂದ ಉಜ್ಜದೆ, ಕೊಳವೆಗಳನ್ನು ಬಿಚ್ಚದೆ, ಪಂಪಿನ ಬಲದಿಂದ ನೀರನ್ನೂ ಔಷಧದ್ರವಗಳನ್ನೂ ಸುತ್ತಾಡಿಸಿ ತೊಳೆಯುವ ಏರ್ಪಾಡಿರುತ್ತದೆ. ಯಂತ್ರದವರು ಇದನ್ನು ಸಿ.ಐ.ಪಿ. ಎನ್ನುವರು. ಮೊದಲು ಉಗುರುಬೆಚ್ಚಗಿನ ನೀರು; ಬಳಿಕ ಸುಮಾರು 70ರಿಂದ 75 ಡಿಗ್ರಿ ಸೆಂಟಿಗ್ರೇಡ್ ಶಾಖದ, ನೂರು ಲೀಟರಿಗೆ ಸುಮಾರು ಒಂದು ಕಿಲೋ ಕಾಸ್ಟಿಕ್ ಸೋಡ ಬೆರೆತ ಕ್ಷಾರಜಲ; ಆಮೇಲೆ ಶುದ್ಧಜಲ; ಗೊತ್ತಾದ ದಿನಗಳಲ್ಲಿ ನೈಟ್ರಿಕ್ ಆಮ್ಲದ ತೆಳುವಾದ ದ್ರವ; ಕೊನೆಗೆ ಪುನಃ ಶುದ್ಧಜಲ. ಇದು ಸಾಧಾರಣವಾದ ಕ್ರಮ. ತೊಟ್ಟಿಯನ್ನು ತಯಾರಿಸಿದವರು ಬೇರೆ ಅಳತೆಯನ್ನು ಹೇಳಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಮೊದಲ ನೀರು ಕುದಿಯುವಂತಿರಬಾರದು. ಗಿಣ್ಣುಹಾಲು ಕಾಯಿಸಿದೊಡನೆ ಗಟ್ಟಿಕಟ್ಟುವಂತೆ, ಹಾಲಿನ ಸಾರವು ವಿಪರೀತ ಶಾಖಕ್ಕೆ ಲೋಹಕ್ಕೆ ಅಂಟಿಕೊಳ್ಳುವುದು.

ದೋಷವನ್ನು ಹುಡುಕುವವರು ಔಷಧವನ್ನು ಹೆಚ್ಚಿಸುವುದಕ್ಕೆ ಮುಂಚೆ ಬರಿದಾದ ತೊಟ್ಟಿಯೊಳಗೆ ಬೆಳಕು ಬಿಟ್ಟು ನೋಡಬೇಕು. ಉಳಿದಿರುವ ಕೊಳೆಯೇ ಕಾರಣವನ್ನು ಹೇಳುವುದು. ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಜಿಡ್ಡು ಹೋಗಿಲ್ಲವೆಂದು ತಿಳಿಯಬೇಕು. ಶಾಖವೋ ಕ್ಷಾರವೋ ಸಾಲದು. ನೀಲಿ ಛಾಯೆಯ, ಕಾಮನಬಿಲ್ಲಿನಂತೆ ಹೊಳೆಯುವ ಪೊರೆಯಿದ್ದರೆ ಅದು ಹಾಲಿನ ಸಾರ. ಅದಕ್ಕೂ ಕ್ಷಾರವೇ ಮದ್ದು. ಬಿಳಿಯದಾಗಿ, ಉಗುರಿಗೆ ಒರಟಾಗಿ ಸಿಕ್ಕುವುದು ಹಾಲಿನ ಕಲ್ಲು. ಇದು ಎಷ್ಟು ಕ್ಷಾರಕ್ಕೂ ಜಗ್ಗದು, ಆಮ್ಲಕ್ಕೆ ಕರಗುವುದು. ಕೋಲಾರ, ತುಮಕೂರು ಮುಂತಾದ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡುಸಾದುದರಿಂದ, ಅಲ್ಲಿ ಈ ಕಲ್ಲು ಬೇಗನೆ ಬೆಳೆಯುವುದು. ಅಂತಹ ಕಡೆಗಳಲ್ಲಿ ಆಮ್ಲದ ತೊಳೆತವನ್ನು ಹೆಚ್ಚು ಸಾರಿ ಮಾಡಬೇಕಾಗುವುದು.

ಕೊಳೆಯು ತೊಟ್ಟಿಯಲ್ಲೆಲ್ಲಾ ಸಮನಾಗಿ ಹರಡಿದೆಯೋ, ಒಂದು ಮೂಲೆಯಲ್ಲಿ ಮಾತ್ರ ಇದೆಯೋ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಎಲ್ಲೆಲ್ಲೂ ಇದ್ದರೆ ದೋಷವು ಶಾಖದಲ್ಲಿ, ಔಷಧದಲ್ಲಿ ಅಥವಾ ಹೊತ್ತಿನಲ್ಲಿದೆ. ಮುಚ್ಚಳದ ಅಡಿಯಲ್ಲೋ, ಹಾಲನ್ನು ಕಲಕುವ ರೆಕ್ಕೆಯ ಕೆಳಮೈಯಲ್ಲೋ ಮಾತ್ರ ಇದ್ದರೆ ದ್ರವವು ಅಲ್ಲಿಗೆ ತಲಪುತ್ತಲೇ ಇಲ್ಲ.

ಶಾಖದ ವಿಷಯದಲ್ಲಿ ಹೆಚ್ಚಾಗಿ ಜನರು ಮೋಸಹೋಗುವರು. ಕಾಯಿಸುವ ಪಾತ್ರೆಯಲ್ಲಿ ಅಳೆದು 75 ಡಿಗ್ರಿ ಇದೆಯೆಂದು ಸಮಾಧಾನಪಡುವರು. ಆದರೆ 4 ಡಿಗ್ರಿಯ ಹಾಲಿದ್ದ ತೊಟ್ಟಿಯ ಉಕ್ಕು ಆ ಶಾಖವನ್ನು ಕುಡಿದುಬಿಡುವುದು. ತೊಟ್ಟಿಯನ್ನು ಸುತ್ತಿ ಮರಳುವಾಗ ದ್ರವವು ಎಷ್ಟೋ ತಣ್ಣಗಾಗಿರುವುದು. ಸುಮಾರು 40 ಡಿಗ್ರಿಗಿಂತ ಕೆಳಗಿಳಿದರೆ ಬಿಟ್ಟ ಜಿಡ್ಡೇ ಪುನಃ ಅಂಟಿಕೊಳ್ಳುವುದು. ಆದುದರಿಂದ ಮರಳಿ ಬರುವ ಕೊಳವೆಯ ಬಾಯಲ್ಲಿ ಉಷ್ಣಮಾಪಕವನ್ನಿಟ್ಟು ನೋಡಬೇಕು. ಅಲ್ಲಿ ಶಾಖವು ಬಂದ ಮೇಲೆಯೇ ತೊಳೆಯುವ ಹೊತ್ತನ್ನು ಎಣಿಸತಕ್ಕದ್ದು. ತಂಪುಮಾಡುವ ಯಂತ್ರವನ್ನು ನಿಲ್ಲಿಸಲು ಮರೆತಿದ್ದರೆ ಶಾಖವು ಎಂದಿಗೂ ಏರದು. ವಿದ್ಯುತ್ತು ನಡುವೆ ಹೋಗಿ, ಅರೆಬೆಚ್ಚಗಿನ ನೀರಿನಲ್ಲೇ ಕೆಲಸ ಮುಗಿಸುವುದೂ ಸಾಮಾನ್ಯ.

ಕ್ಷಾರಜಲವನ್ನು ಉಳಿಸಿ ಮರುದಿನಕ್ಕೆ ಬಳಸುವ ಮಿತವ್ಯಯವು ಒಳ್ಳೆಯದೇ. ಆದರೆ ಹಾಲಿನ ಶೇಷದಿಂದಲೂ ಗಾಳಿಯಿಂದಲೂ ಅದರ ಬಲವು ಕುಂದುತ್ತಾ ಬರುವುದು. ಬಲವು ನೋಟಕ್ಕೆ ತಿಳಿಯದು, ಅಳೆದೇ ತಿಳಿಯಬೇಕು.

ದ್ರವವು ತಲಪದಿರುವಲ್ಲಿ ಮೊದಲು ಬಿಚ್ಚಿ ನೋಡಬೇಕಾದುದು ತೊಟ್ಟಿಯೊಳಗೆ ತೂಗುವ, ಸಣ್ಣ ರಂಧ್ರಗಳುಳ್ಳ ಸಿಂಪಡಿಸುವ ಗುಂಡು. ಒಂದು ಹುಲ್ಲಿನ ಎಸಳು, ರಬ್ಬರಿನ ಚೂರು ಅಥವಾ ಕಲ್ಲಿನ ಹಕ್ಕಳೆ ಸಿಕ್ಕಿಕೊಂಡರೆ ಒಂದು ಪಾರ್ಶ್ವವೆಲ್ಲಾ ಒಣಗಿಯೇ ಉಳಿಯುವುದು. ಅದು ಶುದ್ಧವಾಗಿದ್ದರೆ ಪಂಪಿಗೆ ಕಿವಿಗೊಡಬೇಕು. ಒಳಗೆ ಜಲ್ಲಿ ಉರುಳಿದಂತೆ ಶಬ್ದವಾದರೆ, ಮರಳುವ ನೀರು ನೊರೆನೊರೆಯಾಗಿದ್ದರೆ, ಹೀರುವ ಕಡೆಯ ಕೊಳವೆಯಲ್ಲಿ ಗಾಳಿ ನುಗ್ಗುತ್ತಿರಬಹುದು. ನೀರಿನ ಮಟ್ಟವು ತೀರ ಕಡಿಮೆಯಾಗಿರಲೂ ಬಹುದು. ಸವೆದ ರಬ್ಬರ್ ವಾಷರೊಂದೇ ಇದಕ್ಕೆ ಕಾರಣವಾಗುವುದುಂಟು. ಅದರ ಬಿರುಕಿನಲ್ಲಿ ಹಾಲು ನಿಂತು, ಎಷ್ಟು ತೊಳೆದರೂ ಹೋಗದೆ, ಮರುದಿನದ ಹಾಲಿಗೆ ಹೆಪ್ಪಾಗಿ ಪರಿಣಮಿಸುವುದು. ಅಲ್ಪ ಬೆಲೆಯ ವಾಷರನ್ನು ಕೊಳ್ಳಲು ಆಡಳಿತ ಮಂಡಲಿಯ ಸಭೆಯನ್ನು ಕಾಯುವ ಸಂಘಗಳು ತೊಟ್ಟಿಯಷ್ಟು ಹಾಲನ್ನು ಕಳೆದುಕೊಳ್ಳುವುದು ವಿಚಿತ್ರವೇ ಸರಿ.

ಕೊನೆಯ ನೀರಿನಲ್ಲಿ ಕ್ಷಾರವು ಉಳಿದಿದೆಯೇ ಎಂಬುದಕ್ಕೆ ಪರೀಕ್ಷಾಕಾಗದವು ಉತ್ತಮ. ಅದು ಇಲ್ಲದಾಗ ಅರಿಶಿನದ ನೀರನ್ನು ನಾಲ್ಕು ಹನಿ ಹಾಕಿ ನೋಡಬಹುದು. ಸುಣ್ಣ ಬೆರೆಸಿದ ಆರತಿಯ ನೀರಿನಂತೆ ಕೆಂಪಾದರೆ ಇನ್ನೂ ತೊಳೆಯಬೇಕು.

ಜೀವಭಯದ ಕೆಲವು ಸಂಗತಿಗಳನ್ನು ಸಂಘದ ಮುಖಂಡರೇ ನಿಂತು ನೋಡತಕ್ಕದ್ದು. ಕಾಸ್ಟಿಕ್ ಸೋಡವನ್ನಾಗಲಿ ಆಮ್ಲವನ್ನಾಗಲಿ ನೀರಿಗೆ ಹಾಕಬೇಕು. ಅವುಗಳ ಮೇಲೆ ನೀರನ್ನು ಸುರಿಯಬಾರದು. ಆಮ್ಲವು ಕ್ಲೋರಿನ್ ದ್ರಾವಣಕ್ಕೆ ಸೋಕಿದರೆ ವಿಷವಾಯು ಹೊರಡುವುದಾದುದರಿಂದ ಎರಡನ್ನೂ ಬೇರೆಬೇರೆ ಕೋಣೆಗಳಲ್ಲಿಡಬೇಕು. ಕೈಗವಸು, ಕನ್ನಡಕಗಳಿಲ್ಲದೆ ಆಳನ್ನು ಈ ಕೆಲಸಕ್ಕೆ ಹಚ್ಚಕೂಡದು. ಮುಚ್ಚಿದ ತೊಟ್ಟಿಯೊಳಕ್ಕೆ ಇಳಿಸಲೇಕೂಡದು.

ದೋಷವನ್ನು ಸರಿಪಡಿಸಿದ ದಿನವೇ ನೀಲಿ ಬಣ್ಣದ ಪರೀಕ್ಷೆಯು ಸುಧಾರಿಸದಿರಬಹುದು. ಹಳೆಯ ಕಲ್ಲು ಪೂರ್ತಿ ಬಿಡುವುದಕ್ಕೆ ಎರಡು ಮೂರು ಸಾರಿ ಆಮ್ಲದ ತೊಳೆತ ಬೇಕಾಗುವುದುಂಟು. ಅಷ್ಟರವರೆಗೆ ಮರಳುವ ದ್ರವದ ಶಾಖವನ್ನೂ, ತೊಳೆದ ಹೊತ್ತನ್ನೂ, ಡೈರಿಯಿಂದ ಬಂದ ಫಲವನ್ನೂ ದಿನದಿನವೂ ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ, ತೊಟ್ಟಿಯನ್ನು ನೋಡಲು ಬರುವ ಯಂತ್ರದವನಿಗೆ ಅರ್ಧ ಕೆಲಸವು ಉಳಿಯುವುದು.